ಹಳದಿ ಚೌಕದೊಳಗಿನ ನೀಲಿ ಬೆಳಕು

ಕಳೆದ ಮಳೆಗಾಲದಲ್ಲಿ ಬದಿಯಡ್ಕದ ನಮ್ಮ ಮನೆಯ ಚಾವಡಿಯ ಎಲ್‌ಇಡಿ ಬಲ್ಬು ಕೆಟ್ಟಿತು. ಎಸೆಯುವ ಮೊದಲು ಅದರ ಬಿಳಿ ಮುಚ್ಚಳವನ್ನು ಬಿಚ್ಚಿ ನೋಡಿದರೆ, ದುಂಡಗಿನ ತಗಡಿನ ಮೇಲೆ ಹಳದಿ ಬಣ್ಣದ ಪುಟ್ಟ ಚೌಕಗಳಿದ್ದವು. ಅವುಗಳಲ್ಲೊಂದರ ನಡುವೆ ಸಾಸಿವೆ ಕಾಳಿಗಿಂತ ಸಣ್ಣ ಕರಿಚುಕ್ಕೆ ಕಾಣುತ್ತಿತ್ತು. ಚೌಕಗಳೆಲ್ಲ ಒಂದೇ ಸರಣಿಯಲ್ಲಿದ್ದುದರಿಂದ, ಅದೊಂದು ಸುಟ್ಟುಹೋದದ್ದೇ ಇಡೀ ಬಲ್ಬು ಆರಿತು. ಹಳದಿ ಚೌಕದಿಂದ ಬಿಳಿ ಬೆಳಕು ಹೇಗೆ ಬರುತ್ತಿತ್ತೆಂದು ಅಮ್ಮ ಕೇಳಿದರು.

ಹಳೆಯ ಬಲ್ಬಿನಲ್ಲಿ ತಂತಿ ಕಾದು ಕೆಂಡವಾದರೆ ಮಾತ್ರ ಬೆಳಕು. ಎಲ್‌ಇಡಿಗೆ ಹಾಗೆ ಬಿಸಿಯಾಗುವ ಅಗತ್ಯವಿಲ್ಲ. ಅದರಲ್ಲಿರುವ ಅರೆವಾಹಕ (ಲೋಹಕ್ಕಿಂತ ಕಡಿಮೆ ವಿದ್ಯುತ್ ಹರಿಯಬಿಡುವ ವಸ್ತು) ಹರಳಿನ ಒಂದು ಬದಿಯಲ್ಲಿ ಎಲೆಕ್ಟ್ರಾನುಗಳು ಹೆಚ್ಚಾಗಿರುವಂತೆಯೂ, ಇನ್ನೊಂದು ಬದಿಯಲ್ಲಿ ಎಲೆಕ್ಟ್ರಾನುಗಳಿಲ್ಲದ ಖಾಲಿ ಜಾಗಗಳು, ಅಂದರೆ ರಂಧ್ರಗಳು, ಹೆಚ್ಚಾಗಿರುವಂತೆಯೂ ಬೇರೆ ಧಾತುಗಳನ್ನು ತುಸುವೇ ಬೆರೆಸಿರುತ್ತಾರೆ. ವಿದ್ಯುತ್ ಸರಿಯಾದ ದಿಕ್ಕಿನಲ್ಲಿ ಹರಿದಾಗ ಇವೆರಡೂ ನಡುವಿನ ಸಂಧಿಯಲ್ಲಿ ಸೇರುತ್ತವೆ. ರಂಧ್ರಕ್ಕಿಳಿದ ಎಲೆಕ್ಟ್ರಾನು ತಾನು ಕಳೆದುಕೊಂಡ ಶಕ್ತಿಯನ್ನು ಒಂದು ಫೋಟಾನ್, ಅಂದರೆ ಬೆಳಕಿನ ಕಣ, ಆಗಿ ಹೊರಬಿಡುತ್ತದೆ. ಸಿಲಿಕಾನಿನಲ್ಲೂ ಎಲೆಕ್ಟ್ರಾನುಗಳು ಹೀಗೆಯೇ ಇಳಿಯುತ್ತವೆ, ಆದರೆ ಆ ಶಕ್ತಿ ಬಹುಪಾಲು ಶಾಖವಾಗಿ ಹೋಗುವುದರಿಂದ ಗ್ಯಾಲಿಯಂನಂಥ ಧಾತುಗಳ ಸಂಯುಕ್ತಗಳೇ ಬೇಕಾಗುತ್ತವೆ.

ಬಣ್ಣವನ್ನು ನಿರ್ಧರಿಸುವುದು ಮೇಲಿನ ಪ್ಲಾಸ್ಟಿಕ್ ಅಲ್ಲ, ಎಲೆಕ್ಟ್ರಾನು ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದು. ಇಳಿತ ಸುಮಾರು 2 ಎಲೆಕ್ಟ್ರಾನ್ ವೋಲ್ಟ್ (ಒಂದು ವೋಲ್ಟಿನಿಂದ ಒಂದು ಎಲೆಕ್ಟ್ರಾನಿಗೆ ಸಿಗುವಷ್ಟು ಶಕ್ತಿಯೇ ಒಂದು ಎಲೆಕ್ಟ್ರಾನ್ ವೋಲ್ಟ್) ಇದ್ದರೆ ಕೆಂಪು, 2.7ರಷ್ಟಿದ್ದರೆ ನೀಲಿ. 1.5 ವೋಲ್ಟಿನ ಒಂದು ಪೆನ್ಸಿಲ್ ಸೆಲ್ಲಿಗೆ ಕೆಂಪು ಎಲ್‌ಇಡಿ ಕೂಡ ಹೊತ್ತಿಕೊಳ್ಳದಿರುವುದು ಇದರಿಂದಲೇ. ನೀಲಿಗಂತೂ 3 ವೋಲ್ಟಿನಷ್ಟು ಬೇಕು.

ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿಯನ್ನು ಅಮೆರಿಕದ ವಿಜ್ಞಾನಿ ನಿಕ್ ಹೊಲೊನ್ಯಾಕ್ 1962ರಲ್ಲೇ ಮಾಡಿ ತೋರಿಸಿದ್ದರೂ, ಉಜ್ವಲವಾದ ನೀಲಿಗಾಗಿ 1990ರ ದಶಕದವರೆಗೆ ಕಾಯಬೇಕಾಯಿತು, ಏಕೆಂದರೆ ಅದಕ್ಕೆ ಬೇಕಾದ ಗ್ಯಾಲಿಯಂ ನೈಟ್ರೈಡ್ ಎಂಬ ಸಂಯುಕ್ತದ ಉತ್ತಮ ಗುಣಮಟ್ಟದ ಹರಳನ್ನು ಬೆಳೆಸುವುದೇ ದೊಡ್ಡ ತಲೆನೋವಾಗಿತ್ತು. ಅದನ್ನು ಸಾಧಿಸಿದ ವಿಜ್ಞಾನಿಗಳಾದ ಅಕಸಾಕಿ, ಅಮಾನೊ ಮತ್ತು ನಕಾಮುರ ಅವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಬಂತು. ಒಂದು ಬಣ್ಣಕ್ಕೆ ನೊಬೆಲ್ ಎಂದರೆ ಅತಿಯಾಯಿತೆಂದು ಹಿಂದೆ ನನಗೂ ಅನಿಸಿತ್ತು. ಆದರೆ ಅಮ್ಮನ ಪ್ರಶ್ನೆಗೆ ಉತ್ತರವಿದ್ದದ್ದು ಆ ನೀಲಿಯಲ್ಲೇ.

ಹಳದಿ ಚೌಕದ ಅಡಿಯಲ್ಲಿರುವ ಚಿಪ್, ಅಂದರೆ ಅರೆವಾಹಕ ಹರಳಿನ ಚೂರು, ಸೂಸುವುದು ನೀಲಿ ಬೆಳಕನ್ನು. ಮೇಲಿನ ಹಳದಿ ಲೇಪ ಫಾಸ್ಫರ್ ಎಂಬ ಪುಡಿಯದ್ದು. ಅದು ನೀಲಿಯಲ್ಲಿ ಒಂದಷ್ಟನ್ನು ಹೀರಿಕೊಂಡು ಹಳದಿಯಾಗಿ ಹೊರಬಿಡುತ್ತದೆ, ಹೀರದೆ ಉಳಿದ ನೀಲಿ ಅದರೊಂದಿಗೆ ಬೆರೆತು ನಮ್ಮ ಕಣ್ಣಿಗೆ ಬಿಳಿಯಾಗಿ ಕಾಣುತ್ತದೆ. ಬಿಳಿ ಬೆಳಕು ಕಣ್ಣಿಗೆ ಚುಚ್ಚುತ್ತದೆಂದು ಅಮ್ಮ ದೇವರ ಕೋಣೆಗೆ ತರಿಸಿದ, ಎಣ್ಣೆದೀಪದ ಛಾಯೆಯ ಬಲ್ಬಿನೊಳಗೂ ಇರುವುದು ಇದೇ ನೀಲಿ ಚಿಪ್. ಅದರ ಲೇಪದಲ್ಲಿ ಕೆಂಪನ್ನು ಸೂಸುವ ಫಾಸ್ಫರನ್ನೂ ಬೆರೆಸಿರುತ್ತಾರೆ, ಅಷ್ಟೇ.