ಹಾಜರಿ ಪುಸ್ತಕದಲ್ಲಿ ‘ಕೂಲಿ’ ಯಾವ ಕಾಲಂಗೆ ಸೇರಿದ್ದು?

ಕೊಡಗಿನ ಪಾಲಿಬೆಟ್ಟ ಕಡೆಯ ಕಾಫಿ ತೋಟವೊಂದರಲ್ಲಿ ನಾನು ರೈಟರ್. ಹಾಜರಿ, ಬಟವಾಡೆ, ಕೊಯ್ಲಿನ ಕಾಲದಲ್ಲಿ ಕೆ.ಜಿ. ಲೆಕ್ಕ ನನ್ನ ಕೆಲಸ. ಈಚೆಗೆ ತೋಟ ನೋಡಲು ಬರುವ ಅತಿಥಿಗಳನ್ನು ಸುತ್ತಾಡಿಸುವ ಹುಡುಗರ ತರಬೇತಿಯೂ ನನ್ನ ಪಾಲಿಗೆ ಬಂದಿದೆ. ಹಳೆಯ ನಕ್ಷೆಯಲ್ಲಿದ್ದ ಹಾಗೆ ಅವರು ಕಾರ್ಮಿಕರು ವಾಸಿಸುವ ಸಾಲುಮನೆಗಳಾದ ಲೈನ್ ಮನೆಗಳನ್ನು ‘ಕೂಲಿ ಲೈನ್ಸ್’ ಎಂದು ಇಂಗ್ಲಿಷಿನಲ್ಲಿ ಪರಿಚಯಿಸುತ್ತಿದ್ದರು. ಅದನ್ನು ನಿಲ್ಲಿಸಿದೆ.

“ಅಣ್ಣಾ, ಕೂಲಿಗೆ ಹೋಗ್ತೀವಿ ಅಂತ ನಾವೇ ದಿನಾ ಹೇಳ್ತೀವಲ್ಲ?” ಎಂದ ಒಬ್ಬ.

ನ್ಯಾಯವಾದ ಪ್ರಶ್ನೆ. ಕೂಲಿನಾಲಿ ಮಾಡಿ ಮಕ್ಕಳನ್ನು ಓದಿಸಿದೆ ಎಂದು ತಲೆಯೆತ್ತಿ ಹೇಳುವವರು ನಮ್ಮ ಲೈನಿನಲ್ಲೇ ಇದ್ದಾರೆ. ಅಲ್ಲಿ ಕೂಲಿ ಎಂದರೆ ದುಡಿದವರಿಗೆ ಸಲ್ಲಬೇಕಾದ ಹಣ. ತಮಿಳಿನಲ್ಲೂ ಅದೇ ಅರ್ಥ. ಇಂಗ್ಲಿಷಿನ ಪದ ಇದರಿಂದ ಬಂತು ಎನ್ನುವವರಿದ್ದಾರೆ, ಗುಜರಾತಿನ ಕೋಲಿ ಸಮುದಾಯದ ಹೆಸರಿನಿಂದ ಬಂತು ಎನ್ನುವವರೂ ಇದ್ದಾರೆ. ಮೂಲ ಯಾವುದೇ ಆಗಲಿ, ಬಿಳಿಯರ ಬಾಯಲ್ಲಿ ಅದು ಮನುಷ್ಯರ ಹೆಸರಾಯಿತು.

ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡದ್ದು 1834ರಲ್ಲಿ. ಗುಲಾಮಗಿರಿ ರದ್ದು ಮಾಡುವ ಅವರ ಕಾಯ್ದೆ ಜಾರಿಗೆ ಬಂದದ್ದೂ ಅದೇ ವರ್ಷ. ಕಬ್ಬಿನ ತೋಟಗಳಿಗೆ ಬೇರೆ ಆಳು ಬೇಕಾಯಿತು. ಆ ನವೆಂಬರಿನಲ್ಲೇ ಅಟ್ಲಾಸ್ ಹಡಗು ಭಾರತದ 36 ಕಾರ್ಮಿಕರನ್ನು ಮಾರಿಷಸ್‌ನಲ್ಲಿ ಇಳಿಸಿತು. ಆಮೇಲೆ ಗಯಾನಾ, ಟ್ರಿನಿಡಾಡ್, ಫಿಜಿ. ಚೀನೀಯರಾದರೆ ಕ್ಯೂಬಾ, ಪೆರು. 1860ರಲ್ಲಿ ಮದರಾಸಿನಿಂದ ಹೊರಟ ಟ್ರೂರೋ ಹಡಗು ದಕ್ಷಿಣ ಆಫ್ರಿಕಾದ ಡರ್ಬನ್ ಮುಟ್ಟಿತು. 5 ವರ್ಷದ ಕರಾರು, ಪ್ರತಿಯೊಬ್ಬರಿಗೂ ಒಂದು ನಂಬರು. ಕಾಲಕ್ರಮದಲ್ಲಿ ಕಬ್ಬಿನ ಗದ್ದೆಗೆ ಕಾಲಿಡದ ವ್ಯಾಪಾರಿಯೂ ಮೈಬಣ್ಣದಿಂದಾಗಿ ‘ಕೂಲಿ’ಯಾದ. 1893ರಲ್ಲಿ ಅಲ್ಲಿಗೆ ಹೋದ ಗಾಂಧೀಜಿಗೂ ‘ಕೂಲಿ ಬ್ಯಾರಿಸ್ಟರ್’ ಎಂಬ ಹೆಸರು ಬಿತ್ತು. ದಕ್ಷಿಣ ಆಫ್ರಿಕಾದಲ್ಲಿ ಇಂದಿಗೂ ಅದು ಭಾರತೀಯ ಮೂಲದವರನ್ನು ಹೀಯಾಳಿಸುವ ಬೈಗುಳ. ಅಲ್ಲಿಂದ ಬಂದ ಅತಿಥಿಯೊಬ್ಬರ ಎದುರು ನಮ್ಮ ಹುಡುಗ ಆ ಮಾತಾಡಿದರೆ, ಅವರ ಅಜ್ಜಿಯನ್ನೇ ಬೈದ ಹಾಗೆ.

ಇದೆಲ್ಲ ಕಡಲಾಚೆಯ ಕಥೆ ಮಾತ್ರ ಎಂದುಕೊಳ್ಳಬಾರದು. ಕೊಡಗಿನಲ್ಲಿ ಯುರೋಪಿಯನ್ನರ ಕಾಫಿ ತೋಟಗಳು 1850ರ ದಶಕದಲ್ಲಿ ಶುರುವಾದವು. 1859ರಲ್ಲಿ ಬಂದ ಕರಾರು ಭಂಗ ಕಾಯ್ದೆಯ ಪ್ರಕಾರ, ಮುಂಗಡ ಪಡೆದವನು ಮ್ಯಾಜಿಸ್ಟ್ರೇಟರು ಹೇಳಿದ ಮೇಲೂ ಕೆಲಸಕ್ಕೆ ಬಾರದಿದ್ದರೆ 3 ತಿಂಗಳವರೆಗೆ ಜೈಲು. ಸಾಲ ಮಾಡಿದ ಬಡವನನ್ನು ಅಪರಾಧಿ ಮಾಡುವ ಇಂಥ ಕಾನೂನಿನ ನೆರಳಿನಲ್ಲೇ ಆ ನಕ್ಷೆಗಳು ಹುಟ್ಟಿದವು. ನಕ್ಷೆಯನ್ನು ತೆಗೆದುಹಾಕಬಾರದು ಎಂದು ನಾನೇ ಹಟ ಹಿಡಿದೆ. ಅತಿಥಿಗಳು ಕೇಳಿದರೆ ಈ ಚರಿತ್ರೆಯನ್ನು ಮುಚ್ಚಿಡದೆ ಹೇಳಬೇಕು.

ಪುಸ್ತಕದಲ್ಲಿ ‘ಕೂಲಿ’ ಹಣದ ಕಾಲಂನಲ್ಲಿ ಮಾತ್ರ ಉಳಿದಿದೆ. ಅದು ಅಲ್ಲೇ ಇರಲಿ, ನಮ್ಮ ಒಳ್ಳೆಯ ಪದ. ಮೊದಲು ಕಂಟ್ರಾಕ್ಟಿನವರನ್ನು ‘ಗಂಡಾಳು’, ‘ಹೆಣ್ಣಾಳು’ ಎಂದು ಬರೀ ಎಣಿಕೆ ಹಾಕುವ ರೂಢಿಯಿತ್ತು. ಈಗ ಹೆಸರು ಬರೆಯುತ್ತೇವೆ.

ನನಗೆ ಹೆಚ್ಚು ಕಳವಳ ಇರುವುದು ಅಸ್ಸಾಮಿನಿಂದ ಬಂದವರ ವಿಚಾರದಲ್ಲಿ. “ಇವತ್ತು ಎಷ್ಟು ಅಸ್ಸಾಮಿ ಬಂದಿದೆ?” ಎಂದು ಮೇಸ್ತ್ರಿಗಳೇ ಕೇಳುತ್ತಾರೆ. ಊರಿನ ಹೆಸರೇ ಆಳಿನ ಹೆಸರಾಗಿದೆ, ಸಾಲದ್ದಕ್ಕೆ ‘ಬಂದಿದೆ’. ನಾನು ಪ್ರತಿ ಸಲವೂ “ಎಷ್ಟು ಜನ ಬಂದಿದ್ದಾರೆ?” ಎಂದು ತಿದ್ದಿ ಕೇಳಿ, ಹೆಸರು ಹೇಳಿದ ಮೇಲೆಯೇ ಹಾಜರಿ ಹಾಕುತ್ತೇನೆ.