ಬೆಳಗಾವಿ, ವಿಜಯಪುರದ ಕಡೆಯಿಂದ ಕ್ರೂಸ್‌ಗೆ ಹೊರಟವರು ರೊಕ್ಕ ಕಟ್ಟುವ ಮೊದಲು ನೋಡಬೇಕಾದದ್ದು

ಕ್ರೂಸ್ ಅಂದರೆ ವಿಹಾರದ ಹಡಗಿನ ಪ್ರವಾಸ. ಅದರ ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುವ ದರ ಕೋಣೆಯ ಬಾಡಿಗೆ ಮಾತ್ರ. ಅದರ ಮೇಲೆ ಬಂದರು ಶುಲ್ಕ, ಇಂಧನದ ಹೆಚ್ಚುವರಿ, ಸಿಬ್ಬಂದಿಗೆಂದು ಒಂದು ತಲೆಗೆ ಒಂದು ರಾತ್ರಿಗೆ ಇಷ್ಟೆಂದು ಹಿಡಿಯುವ ಗ್ರಾಚ್ಯುಟಿ, ಕೊನೆಗೆ ಜಿಎಸ್‌ಟಿ ಕೂಡುತ್ತವೆ. ದರವೂ ಕೋಣೆಯಲ್ಲಿ ಇಬ್ಬರಿರುತ್ತಾರೆಂದು ಹಾಕಿದ ಲೆಕ್ಕ. ಒಬ್ಬರೇ ಹೋದರೆ ಎರಡನೇ ಹಾಸಿಗೆಯ ಭಾರವೂ ಅವರ ಮೇಲೇ. ಹೀಗಾಗಿ "ಒಟ್ಟು ಎಷ್ಟಾಗತದ" ಎಂದು ಕೇಳಿ ಸುಮ್ಮನಾಗಬೇಡಿರಿ. ಒಂದೊಂದು ಬಾಬತ್ತನ್ನೂ ಬೇರೆ ಬೇರೆ ಬರೆದ ಕಾಗದ ಕೇಳಿ ಇಸಕೊಳ್ಳಿರಿ. ರದ್ದು ಮಾಡುವ ಪ್ರಸಂಗ ಬಂದಾಗ ಆ ಕಾಗದದ ಬೆಲೆ ಗೊತ್ತಾಗುತ್ತದೆ. ಕೋಣೆಯ ಬಾಡಿಗೆಯ ಮೇಲಿನ ಕಡಿತ ಹಡಗು ಬಿಡುವ ದಿನ ಹತ್ತಿರ ಬಂದಂತೆ ಏರುತ್ತ ಹೋಗಿ, ಕೊನೆಯ ದಿನಗಳಲ್ಲಿ ಪೂರ್ತಿ ಮೊತ್ತವನ್ನೇ ನುಂಗುತ್ತದೆ. ಬಂದರು ಶುಲ್ಕ ಮಾತ್ರ ಹಡಗು ಹತ್ತದವರಿಗೆ ಸಾಮಾನ್ಯವಾಗಿ ವಾಪಸ್ ಬರಬೇಕಾದದ್ದು. ಎಲ್ಲ ಸೇರಿಸಿ ಒಂದೇ ಅಂಕಿ ಬರೆದ ಬಿಲ್ ಇದ್ದರೆ ಅದನ್ನು ಕೇಳುವುದಾದರೂ ಹೇಗೆ?

ಊರಿನ ಏಜೆಂಟರ ಮೂಲಕ ಬುಕ್ ಮಾಡಿದರೆ ಕಡಿತ ಎರಡು ಕಡೆ ಬೀಳಬಹುದು: ಹಡಗಿನ ಕಂಪನಿಯದು ಒಂದು, ಏಜೆಂಟರ ಸರ್ವಿಸ್ ಚಾರ್ಜ್ ಇನ್ನೊಂದು. ಮುಂಗಡ ಕೊಟ್ಟ ದಿನವೇ ಕಂಪನಿಯ ಬುಕಿಂಗ್ ನಂಬರ್ ತೆಗೆದುಕೊಂಡು, ಕಂಪನಿಗೇ ಫೋನ್ ಹಚ್ಚಿ, ಯಾರ ಹೆಸರಿನಲ್ಲಿ ಎಷ್ಟು ಜಮಾ ಆಗಿದೆ ಎಂದು ಕೇಳಿರಿ. ನಗದು ಕೊಡಬೇಡಿರಿ. ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿದ್ದರೆ, ಪ್ರವಾಸ ನಡೆಯದೇ ಹೋದಾಗ ಬ್ಯಾಂಕಿನಲ್ಲಿ ಚಾರ್ಜ್‌ಬ್ಯಾಕ್, ಅಂದರೆ ಕಾರ್ಡಿನಿಂದ ಹೋದ ರೊಕ್ಕ ವಾಪಸ್, ಕೇಳುವ ದಾರಿ ಉಳಿಯುತ್ತದೆ. ಅದಕ್ಕೆ ಗಡುವಿದೆ, ತಡ ಮಾಡಿದರೆ ಹೋಯಿತು. ಸಿಂಗಾಪುರದಂಥ ವಿದೇಶಿ ಪ್ಯಾಕೇಜಿಗೆ ಟಿಸಿಎಸ್, ಅಂದರೆ ಮಾರುವವರೇ ಮುಂಗಡವಾಗಿ ವಸೂಲಿ ಮಾಡುವ ತೆರಿಗೆ, ಹಿಡಿಯುತ್ತಾರೆ. ಅದು ಹೋದ ರೊಕ್ಕವಲ್ಲ, ಆದಾಯ ತೆರಿಗೆ ರಿಟರ್ನ್ ತುಂಬುವಾಗ ಲೆಕ್ಕಕ್ಕೆ ಬರುತ್ತದೆ. ಬುಕಿಂಗಿಗೆ ಸರಿಯಾದ ಪ್ಯಾನ್ ಕೊಟ್ಟು, ಆಮೇಲೆ ಆದಾಯ ತೆರಿಗೆ ಇಲಾಖೆಯ 26ಎಎಸ್ ಎಂಬ ತೆರಿಗೆ ಜಮಾ ಪಟ್ಟಿಯಲ್ಲಿ ಕಾಣುತ್ತದೆಯೇ ನೋಡಿರಿ.

ರದ್ದಾದ ಪ್ರವಾಸಕ್ಕೆ ರೊಕ್ಕದ ಬದಲು "ಮುಂದಿನ ಪ್ರವಾಸಕ್ಕೆ ವೋಚರ್" ಎಂದರೆ ಒಪ್ಪಬೇಡಿರಿ. ಲಾಕ್‌ಡೌನಿನಲ್ಲಿ ರದ್ದಾದ ವಿಮಾನ ಟಿಕೆಟ್‌ಗಳ ರೊಕ್ಕ ವಾಪಸ್ ಮಾಡುವ ಬಗ್ಗೆ ಸುಪ್ರೀಂ ಕೋರ್ಟ್ 2020ರ ಅಕ್ಟೋಬರಿನಲ್ಲಿ ಆದೇಶ ಕೊಟ್ಟಿತು. ಅದು ವಿಮಾನಕ್ಕಷ್ಟೇ, ಹಡಗಿಗೆ ಅನ್ವಯಿಸಲಿಲ್ಲ. ಮುಂಬೈಯಿಂದ 2019ರಲ್ಲಿ ಓಡಾಟ ಶುರು ಮಾಡಿದ 'ಕರ್ಣಿಕಾ' ಹಡಗು 2020ರಲ್ಲಿ ಗುಜರಾತಿನ ಅಲಂಗ್‌ಗೆ, ಹಡಗು ಒಡೆಯುವ ದಂಡೆಗೆ ಹೋಯಿತು. ನಡೆಸುತ್ತಿದ್ದ ಕಂಪನಿ ಅಷ್ಟರಲ್ಲೇ ಬಾಗಿಲು ಹಾಕಿತ್ತು. ಸಿಂಗಾಪುರದಿಂದ ನಮ್ಮವರು ಹತ್ತುತ್ತಿದ್ದ 'ಗೆಂಟಿಂಗ್ ಡ್ರೀಮ್'ನ ಹಳೆಯ ಒಡೆಯ ಕಂಪನಿಯೂ 2022ರ ಜನವರಿಯಲ್ಲಿ ದಿವಾಳಿಯ ಹಾದಿ ಹಿಡಿಯಿತು. ಕಂಪನಿ ಮುಳುಗಿದರೆ ವೋಚರ್ ಬರೀ ಕಾಗದ.

ಕರಾರಿನಲ್ಲಿ "ವಿವಾದ ಮುಂಬೈ ಕೋರ್ಟಿನಲ್ಲೇ" ಎಂದು ಬರೆದದ್ದನ್ನು ಓದಿ ಕೈಚೆಲ್ಲುವವರು ಬಹಳ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೇ ಕಲಮಿನ ಪ್ರಕಾರ ದೂರುದಾರ ತಾನು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಬಾಗಲಕೋಟೆಯವರಿಗೆ ಬಾಗಲಕೋಟೆ, ವಿಜಯಪುರದವರಿಗೆ ವಿಜಯಪುರ. ಕೊಟ್ಟ ಮೊತ್ತ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ, ಕಾಲಮಿತಿ 2 ವರ್ಷ. ಮೊದಲು ಕಂಪನಿಗೆ ಇಮೇಲ್, ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್, ಅದಕ್ಕೂ ಬಗ್ಗದಿದ್ದರೆ ಆಯೋಗ. ಫೋನಿನಲ್ಲಿ ಏಜೆಂಟ್ ಆಡಿದ ಮಾತು ಸಾಕ್ಷಿಯಾಗಿ ನಿಲ್ಲುವುದು ಕಷ್ಟ. ಅದೇ ಮಾತನ್ನು ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಂಡಿರಬೇಕು.

ಇನ್ನು ವಿಮೆ. ಮನೆಯಲ್ಲಿರುವ ಹೆಲ್ತ್ ಪಾಲಿಸಿಯ ಕಾರ್ಡ್ ಹಡಗಿನಲ್ಲಿ ಕೆಲಸಕ್ಕೆ ಬರುವುದಿಲ್ಲ ಎಂದೇ ತಿಳಿದುಕೊಳ್ಳಿರಿ. ಪಾಲಿಸಿಯಲ್ಲಿ 'ಆಸ್ಪತ್ರೆ' ಎಂದರೆ ಏನೆಂದು ವ್ಯಾಖ್ಯೆ ಇರುತ್ತದೆ: ನೋಂದಣಿ ಇರಬೇಕು, ಇಲ್ಲವೇ ಸಣ್ಣ ಊರಿನಲ್ಲಿ ಕನಿಷ್ಠ 10, ದೊಡ್ಡ ಊರಿನಲ್ಲಿ 15 ಹಾಸಿಗೆ, ಆಪರೇಷನ್ ಥಿಯೇಟರ್, ಹಗಲೂ ರಾತ್ರಿ ನರ್ಸುಗಳು. ಹಡಗಿನ ದವಾಖಾನೆ ಈ ಅಳತೆಗೆ ಕೂಡುವುದಿಲ್ಲ. ಅಲ್ಲಿ ಸಲೈನ್ ಹಚ್ಚಿಸಿಕೊಂಡರೂ ಬಿಲ್ ಕೋಣೆಯ ಖಾತೆಗೆ ಏರುತ್ತದೆ. ಪ್ರವಾಸ ವಿಮೆ ಬೇರೆ ಕೊಳ್ಳುವಾಗ 'ಕ್ರೂಸ್' ಎಂಬ ಶಬ್ದ ಪಾಲಿಸಿಯಲ್ಲಿ ಇದೆಯೇ, ಸಮುದ್ರದಿಂದ ದಂಡೆಯ ಆಸ್ಪತ್ರೆಗೆ ಸಾಗಿಸುವ ಖರ್ಚು ಬರುತ್ತದೆಯೇ, ಬಿಪಿ, ಶುಗರ್ ಇದ್ದವರಿಗೆ ಏನು ಹೊರಗಿಟ್ಟಿದ್ದಾರೆ, ಈ ಮೂರನ್ನು ಓದಿರಿ. "ಹೆದರಿಕೆ ಆಯಿತು, ಹೋಗಲಿಲ್ಲ" ಎಂಬುದಕ್ಕೆ ಯಾವ ಸಾಮಾನ್ಯ ಪಾಲಿಸಿಯೂ ರೊಕ್ಕ ಕೊಡುವುದಿಲ್ಲ. ರೋಗ ಹಬ್ಬಿದ ಸುದ್ದಿ ಬಂದ ಮೇಲೆ ಕೊಂಡ ಪಾಲಿಸಿಗೂ ಅದೇ ಗತಿ, ಗೊತ್ತಿದ್ದ ಸಂಗತಿ ಎಂದು ತಳ್ಳಿಹಾಕುತ್ತಾರೆ. ಕ್ಲೇಮ್ ಅನ್ಯಾಯವಾಗಿ ತಳ್ಳಿದರೆ, ಇಲ್ಲವೇ ಒಂದು ತಿಂಗಳು ಉತ್ತರವೇ ಬಾರದಿದ್ದರೆ ವಿಮೆಯ ತಕರಾರು ಬಗೆಹರಿಸುವ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ ಬರೆಯಬಹುದು, ವಕೀಲರು ಬೇಕಿಲ್ಲ.

ಸೋಂಕಿನ ವಿಷಯ ಹಳೆಯದಾಯಿತು ಎನ್ನಬೇಡಿರಿ. 2020ರ ಫೆಬ್ರುವರಿಯಲ್ಲಿ ಯೊಕೊಹಾಮಾದಲ್ಲಿ ನಿಂತ 'ಡೈಮಂಡ್ ಪ್ರಿನ್ಸೆಸ್'ನಲ್ಲಿದ್ದ 3,711 ಜನರಲ್ಲಿ 712 ಜನರಿಗೆ ಕೋವಿಡ್ ಹತ್ತಿತು. 2022ರ ಜನವರಿಯಲ್ಲಿ ಮುಂಬೈಯಿಂದ ಗೋವಾಕ್ಕೆ ಬಂದ ಹಡಗಿನಲ್ಲಿ 66 ಜನರಿಗೆ ಪಾಸಿಟಿವ್ ಬಂದು, ಹಡಗು ಮುಂಬೈಗೇ ಮರಳಬೇಕಾಯಿತು. ಬಂದರಿನಲ್ಲಿ ಆರೋಗ್ಯದ ಫಾರ್ಮ್ ತುಂಬಿಸಿಕೊಂಡು, ಜ್ವರ ಇದ್ದವರನ್ನು ಹತ್ತಿಸದಿರುವ ಹಕ್ಕನ್ನು ಕಂಪನಿಗಳು ಇಟ್ಟುಕೊಂಡಿರುತ್ತವೆ. ಹಾಗಾದಾಗ ರೊಕ್ಕ ಏನಾಗುತ್ತದೆ ಎಂಬ ಸಾಲನ್ನು ಕರಾರಿನಲ್ಲಿ ಹುಡುಕಿರಿ. ಹಡಗಿನಲ್ಲಿ ಹೆಚ್ಚು ಕಾಡುವುದು ವಾಂತಿ-ಭೇದಿಯ ನೊರೊವೈರಸ್. ಅದಕ್ಕೆ ಸ್ಯಾನಿಟೈಸರ್ ಅಷ್ಟಾಗಿ ನಾಟುವುದಿಲ್ಲ. ಊಟಕ್ಕೆ ಮುಂಚೆ ಸಾಬೂನು ಹಚ್ಚಿ 20 ಸೆಕೆಂಡ್ ತಿಕ್ಕಿ ತೊಳೆಯಬೇಕು.

ಮುಂಬೈಗೆ ಹಿಂದಿನ ದಿನವೇ ಮುಟ್ಟಿರಿ. ಬಾಗಲಕೋಟೆ, ವಿಜಯಪುರದವರಿಗೆ ಸೊಲ್ಲಾಪುರದ ಮೇಲೆ ವಿಟಿಗೇ (ಈಗಿನ ಸಿಎಸ್‌ಎಂಟಿ ಸ್ಟೇಷನ್) ಹೋಗುವ ಹೊಸಪೇಟೆ–ಮುಂಬೈ ಗಾಡಿ ಅನುಕೂಲ. ಹಡಗು ಹತ್ತುವ ಬ್ಯಾಲಾರ್ಡ್ ಪಿಯರ್ ಅಲ್ಲಿಂದ ಸುಮಾರು ಎರಡು ಕಿಲೋಮೀಟರ್. ಬೆಳಗಾವಿಯವರು ಚಾಲುಕ್ಯ, ಶರಾವತಿ ಹಿಡಿದು ದಾದರ್‌ನಲ್ಲಿ ಇಳಿಯುತ್ತಾರೆ. ಹಡಗು ಹೊರಡುವ ಅದೇ ದಿನ ಮುಂಜಾನೆ ಮುಟ್ಟುವ ಲೆಕ್ಕ ಹಾಕಿದರೆ ಗಾಡಿ ನಾಲ್ಕು ತಾಸು ತಡವಾದರೂ ಪ್ರವಾಸ ಹೋಯಿತು, ಚೆಕ್-ಇನ್ ಮುಚ್ಚಿದ ಮೇಲೆ ಯಾರಿಗೂ ಕಾಯುವುದಿಲ್ಲ. ಮುಂಬೈಯ ಫೋರ್ಟ್ ಭಾಗದ ಲಾಡ್ಜುಗಳಲ್ಲಿ ಕಿಟಕಿ ಇಲ್ಲದ ಕೋಣೆಗೂ ಬಾಯಿಗೆ ಬಂದ ಬಾಡಿಗೆ ಹೇಳುತ್ತಾರೆ. ಟಿಕೆಟಿನ ಪಿಎನ್‌ಆರ್ ಇದ್ದವರು ರೈಲ್ವೆ ರಿಟೈರಿಂಗ್ ರೂಮ್ ಮೊದಲೇ ಬುಕ್ ಮಾಡುವುದು ಮೇಲು.

ದಾದರ್‌ನಿಂದ ಒಂದೇ ಸ್ಟೇಷನ್ ದಾಟಿದರೆ ಮಾಟುಂಗಾ. ಸ್ಟೇಷನ್ ಹೊರಗೇ 1942ರಿಂದ ನಡೆದುಬಂದ ಎ. ರಾಮ ನಾಯಕ್ ಅವರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ. ಕೂಪನ್ ತೆಗೆದುಕೊಂಡು ಬಾಕಿನ ಮೇಲೆ ಸರದಿ ಕಾಯಬೇಕು. ಬಾಳೆ ಎಲೆಯ ಊಟಕ್ಕೆ ಅನ್ನ, ಸಾರು, ಸಾಂಬಾರು, ಪಲ್ಯ, ಮಜ್ಜಿಗೆ. ಸಾಕು ಅನ್ನುವ ತನಕ ಬಡಿಸುತ್ತಾರೆ. ಸಾರು ಬಿಸಿ ಇದ್ದಾಗಲೇ ಅನ್ನಕ್ಕೆ ಗುಂಡಿ ತೋಡಿ ಹಾಕಿಸಿಕೊಳ್ಳಿರಿ, ಎಲೆಯ ವಾಸನೆ ಅದರಲ್ಲೇ ಏರುತ್ತದೆ. ಅಡುಗೆಮನೆ ನೋಡಬೇಕೆಂದರೆ ಒಳಗೆ ಬಿಡುತ್ತಾರೆ. ಬಡಿಸುವವರಿಗೆ ಕನ್ನಡ ತಿಳಿಯುತ್ತದೆ. ಹಡಗಿನ ಬಫೆಯಲ್ಲಿ ಹತ್ತು ಬಗೆ ಇಟ್ಟರೂ ಈ ಊಟದ ಹದ ಸಿಗುವುದಿಲ್ಲ. ಮನೆಯ ರೊಟ್ಟಿ, ಶೇಂಗಾ ಚಟ್ನಿ ಗಾಡಿಯಲ್ಲೇ ಮುಗಿಸಿರಿ. ಬಂದರಿನ ತಪಾಸಣೆಯಲ್ಲಿ ಹೊರಗಿನ ಅಡುಗೆಯನ್ನು ಬಿಡುವುದಿಲ್ಲ. ಇಸ್ತ್ರಿ, ನೀರು ಕಾಯಿಸುವ ಕೆಟಲ್ ಕೂಡ ಹಾಗೆಯೇ.

ಲಕ್ಷದ್ವೀಪದಲ್ಲಿ ಹಡಗು ದಂಡೆಗೆ ಹತ್ತುವುದಿಲ್ಲ, ಸಣ್ಣ ದೋಣಿಗೆ ಇಳಿಸಿ ಕರೆದೊಯ್ಯುತ್ತಾರೆ. ಅಲೆ ಜೋರಿದ್ದರೆ ಆ ನಿಲುಗಡೆಯೇ ರದ್ದು. ಕ್ಯಾಪ್ಟನ್ನನ ತೀರ್ಮಾನಕ್ಕೆ ಕರಾರು ಬೆಂಬಲ ಕೊಡುತ್ತದೆ, ಕೋಣೆಯ ರೊಕ್ಕ ವಾಪಸ್ ಇಲ್ಲ. ಮೊಣಕಾಲು ನೋವಿನ ಹಿರಿಯರಿಗೆ ಹೊಯ್ದಾಡುವ ದೋಣಿಗೆ ಕಾಲಿಡುವುದು ಕಷ್ಟ, ಅಂಥವರಿಗೆ ಗೋವಾದ ಪ್ರವಾಸವೇ ಸಾಕು. ದಂಡೆಯಲ್ಲಿ ಬಿದ್ದ ಹವಳದ ಒಂದು ತುಂಡೂ ಚೀಲಕ್ಕೆ ಹಾಕಬೇಡಿರಿ. ಬಂಡೆ ಕಟ್ಟುವ ಹವಳಕ್ಕೆ 1972ರ ವನ್ಯಜೀವಿ ಕಾಯ್ದೆಯಲ್ಲಿ ಹುಲಿಗೆ ಇರುವಷ್ಟೇ ರಕ್ಷಣೆ ಇದೆ.

ಹಡಗು ಬಂದರಿನಲ್ಲಿ ನಿಂತಾಗಲೂ ದಂಡೆಯಿಂದ ಕರೆಂಟ್ ಸಿಗದಿದ್ದರೆ ಎ.ಸಿ., ದೀಪಗಳಿಗೆ ಎಂಜಿನ್ ಓಡಲೇಬೇಕು. ಸ್ನಾನದ ಸಿಹಿನೀರಿನ ಬಹುಪಾಲು ಹಡಗಿನಲ್ಲೇ ಇಂಧನ ಸುಟ್ಟು ಉಪ್ಪುನೀರಿನಿಂದ ತೆಗೆದದ್ದು. ಹಡಗಿನ ಇಂಧನದ ಗಂಧಕದ ಮಿತಿ 2020ರ ಜನವರಿಯಿಂದ ಶೇ. 3.50ರಿಂದ ಶೇ. 0.50ಕ್ಕೆ ಇಳಿದಿದೆ, ಇಂಗಾಲದ ಹೊಗೆಗೆ ಅದರಿಂದ ಕಡಿಮೆಯೇನೂ ಆಗಿಲ್ಲ. ಪ್ಲಾಸ್ಟಿಕ್ ಸಮುದ್ರಕ್ಕೆ ಎಸೆಯುವುದು ಎಲ್ಲಿಯೂ ಕೂಡದು, ಆದರೆ ಉಳಿದ ಅನ್ನ ದಂಡೆಯಿಂದ 12 ನಾಟಿಕಲ್ ಮೈಲಿನಾಚೆ ಸಮುದ್ರಕ್ಕೆ ಹೋಗಬಹುದು. ತಟ್ಟೆಯಲ್ಲಿ ಬಿಟ್ಟದ್ದು ಎಲ್ಲಿ ಸೇರುತ್ತದೆ ಎಂದು ತಿಳಿದ ಮೇಲಾದರೂ ತಿನ್ನುವಷ್ಟೇ ಬಡಿಸಿಕೊಳ್ಳಿರಿ. ಗೋವಾ ನೋಡುವುದೇ ಉದ್ದೇಶವಾದರೆ ಬೆಳಗಾವಿಯಿಂದ ಲೋಂಡಾ ಮೇಲಿನ ರೈಲೇ ಸರಿ.

ಇಳಿಯುವ ಹಿಂದಿನ ರಾತ್ರಿ ರಿಸೆಪ್ಶನ್‌ಗೆ ಹೋಗಿ ಕೋಣೆಯ ಖಾತೆ ಪ್ರಿಂಟ್ ಹಾಕಿಸಿ, ಸಾಲು ಸಾಲಾಗಿ ನೋಡಿರಿ; ಮುಂಜಾನೆ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಗೋವಾದಲ್ಲೇ ಇಳಿದು ಮನೆಗೆ ಹೋಗುವ ಯೋಚನೆ ಇದ್ದರೆ ಬುಕಿಂಗ್ ಮಾಡುವಾಗಲೇ ಒಂದೇ ಬದಿಯ ಟಿಕೆಟ್ ತೆಗೆದುಕೊಳ್ಳಿರಿ, ಹೋಗಿಬರುವ ಟಿಕೆಟಿನಲ್ಲಿ ನಡುವೆ ಲಗೇಜ್ ಸಮೇತ ಇಳಿಯಲು ಬಿಡುವುದಿಲ್ಲ. ಮುರಗಾಂವ್ ಬಂದರಿನ ಗೇಟಿನಲ್ಲಿ ಪಣಜಿ, ಬೆಳಗಾವಿ ಎಂದರೆ ಟ್ಯಾಕ್ಸಿಯವರು ಹೇಳುವ ರೇಟು ಕೇಳಲಾಗದು. ವಾಸ್ಕೋ ಸ್ಟೇಷನ್ನಿನ ತನಕ ಮಾತ್ರ ಟ್ಯಾಕ್ಸಿ ಮಾಡಿ, ಮಧ್ಯಾಹ್ನದ ಗೋವಾ ಎಕ್ಸ್‌ಪ್ರೆಸ್ ಹಿಡಿದರೆ ದೂಧಸಾಗರ, ಲೋಂಡಾ ದಾಟಿ ರಾತ್ರಿಯೊಳಗೆ ಬೆಳಗಾವಿ. ಆ ಟಿಕೆಟನ್ನು ಹಡಗಿನ ಟಿಕೆಟ್ ಜೊತೆಗೇ ತೆಗೆದಿಟ್ಟುಕೊಳ್ಳಿರಿ.