‘ಅಪ್ಪ ಕೊಡದೆ ಹೋದ ಪೋಟಗಿ ಈಗ ಸಿಗುತ್ತಾ?’

“ಅಪ್ಪ ಕೊಡಬೇಕಿದ್ದ ಪೋಟಗಿ (ಜೀವನಾಂಶದ ಹಣ) ಈಗ ನನಗೆ ಸಿಗುತ್ತಾ? ನನಗೀಗ ಇಪ್ಪತ್ತೇಳು.” ಮುಂಬೈ ಕಡೆಯ ಡೊಂಬಿವಲಿಯಿಂದ ಪುಣೆ ಕಡೆಯ ಪಿಂಪ್ರಿಯವರೆಗೆ ನಮ್ಮ ಕನ್ನಡದವರು ಮದುವೆಯೂಟದ ಪಂಕ್ತಿಯಲ್ಲೂ ಬಿಡದೆ ಕೇಳುವ ಪ್ರಶ್ನೆ. ಸಾರು ಆರಿಹೋಗುತ್ತದೆ. ಅದಕ್ಕೇ ಬರೆದು ಹಾಕುತ್ತಿದ್ದೇನೆ.

ಅಪ್ಪ ಬಿಟ್ಟುಹೋದ ಕಥೆಯನ್ನು ಅರ್ಧ ಗಂಟೆ ಹೇಳುತ್ತೀರಿ. ಕೋರ್ಟಿನ ಆದೇಶದ ನಕಲು ಎಲ್ಲಿ ಅಂದರೆ “ಅಮ್ಮನ ಟ್ರಂಕಿನಲ್ಲಿ ಇರಬೇಕು.” ಟ್ರಂಕು ತೆಗೆಯಿರಿ. ಆದೇಶವೇ ಆಗಿರದಿದ್ದರೆ ವಸೂಲಿ ಮಾಡಲು ಏನೂ ಇಲ್ಲ. ಹೊಸ ದಾವೆಯೇ ಹೂಡಬೇಕು, ಅದರಲ್ಲೂ ಹಿಂದೂಗಳ ಜೀವನಾಂಶದ ಬಾಕಿಗೆ ಮೂರು ವರ್ಷದ ಕಾಲಮಿತಿ.

ನಕಲು ಸಿಕ್ಕರೆ ಮೊದಲು ಕಲಂ ನೋಡಿ. ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ, ಅಂದರೆ ಸಿ.ಆರ್.ಪಿ.ಸಿ.ಯ 125 ಆಗಿದ್ದರೆ (2024ರ ಜುಲೈ 1ರಿಂದ ಅದರ ಬದಲಿಗೆ ಬಂದ ಬಿ.ಎನ್.ಎಸ್.ಎಸ್.ನ 144), ಕಂತು ಬಾಕಿಯಾದ ಒಂದು ವರ್ಷದೊಳಗೆ ಅರ್ಜಿ ಬಿದ್ದಿದ್ದರಷ್ಟೇ ವಸೂಲಿ ವಾರಂಟ್. ಅಮ್ಮ ಆಗ ಹಾಕಿದ ಅರ್ಜಿ ಇನ್ನೂ ಇತ್ಯರ್ಥವಾಗದೆ ಬಿದ್ದಿದ್ದರೆ ನಿಮ್ಮ ಅದೃಷ್ಟ: ನಂತರದ ಬಾಕಿಯನ್ನೂ ಅದರಲ್ಲೇ ಕೇಳಬಹುದೆಂದು ಕರ್ನಾಟಕದಿಂದ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2005ರಲ್ಲೇ ಹೇಳಿದೆ. ಇನ್ನು “ಕಟ್ಟದ್ದಕ್ಕೆ ನಿಮ್ಮಪ್ಪ ಜೈಲಿಗೆ ಹೋಗಿ ಬಂದರಲ್ಲ, ಚುಕ್ತಾ ಆಯ್ತು” ಅನ್ನುವ ಚಿಕ್ಕಪ್ಪಂದಿರಿಗೆ: ಆಗಿಲ್ಲ. ಜೈಲು ವಸೂಲಿಯ ಒತ್ತಡವೇ ಹೊರತು ಸಾಲದ ರಸೀದಿಯಲ್ಲ. ಇದು ಸುಪ್ರೀಂ ಕೋರ್ಟಿನ 1988ರ ತೀರ್ಪು.

ವಿಚ್ಛೇದನದ ಡಿಕ್ರಿಯಲ್ಲೇ (ಕೋರ್ಟು ತೀರ್ಪಿನ ಮೇಲೆ ಬರೆದುಕೊಡುವ ಆದೇಶ) ಮಗುವಿನ ಖರ್ಚು ಬರೆದಿದ್ದರೆ ಮಾತು ಬೇರೆ. ಅಲ್ಲಿ ಪ್ರತಿ ಕಂತಿಗೂ, ಅದು ತಪ್ಪಿದ ದಿನದಿಂದ 12 ವರ್ಷ. ತಿಂಗಳಿಗೆ 3,000 ರೂಪಾಯಿ, 2009ರ ಏಪ್ರಿಲ್‌ನಿಂದ 2016ರ ಮಾರ್ಚ್‌ವರೆಗೆ ಎಂದಿಟ್ಟುಕೊಳ್ಳಿ: 84 ಕಂತು, 2,52,000. ಅಪ್ಪ ಮೊದಲ 11 ಕಂತು ಕಟ್ಟಿ ನಿಲ್ಲಿಸಿದರು, ಬಾಕಿ 2,19,000. ನೀವು 2025ರ ಏಪ್ರಿಲ್ 1ಕ್ಕೆ ಹೋದಿರಿ ಅಂದರೆ ಜೀವ ಇರುವುದು ಕೊನೆಯ 36 ಕಂತಿಗೆ, 1,08,000ಕ್ಕೆ. ಆಮೇಲೆ ತಿಂಗಳು ತಡವಾದಂತೆಲ್ಲ 3,000 ಕೈಬಿಟ್ಟಿತು. ಆದೇಶದಲ್ಲಿ ಬಡ್ಡಿ ಬರೆದಿಲ್ಲವೇ, ಕೇಳಲೇಬೇಡಿ. ಡಿಕ್ರಿಗೆ ಒಂದಕ್ಷರ ಸೇರಿಸುವ ಅಧಿಕಾರ ವಸೂಲಿ ಮಾಡುವ ಕೋರ್ಟಿಗಿಲ್ಲ.

ಅರ್ಜಿಯ ಜೊತೆ ತಖ್ತೆ ಬೇಕು: ತಿಂಗಳು, ಕೊಡಬೇಕಿದ್ದದ್ದು, ಕೊಟ್ಟದ್ದು, ಉಳಿದದ್ದು. ಬಂದ ಒಂದು ಮನಿಯಾರ್ಡರನ್ನೂ ಮುಚ್ಚಿಡಬೇಡಿ. ಅದರ ರಸೀದಿಯನ್ನು ಅವರ ವಕೀಲರು ಎತ್ತಿ ತೋರಿಸಿದರೆ ಮಿಕ್ಕ ತಿಂಗಳುಗಳ ಲೆಕ್ಕವೂ ಅನುಮಾನಕ್ಕೆ ಬೀಳುತ್ತದೆ. ಹಣ ಅಮ್ಮನ ಕೈಗೆ ಕೊಡಬೇಕೆಂದು ಆದೇಶವಿದ್ದರೆ ಅಮ್ಮನ ಸಹಿಯೂ ಬೇಕು; ನೀವೊಬ್ಬರೇ ಹೋದರೆ ಮೊದಲ ತಕರಾರು ಅದೇ.

ಬಾಂದ್ರಾದಲ್ಲಾಗಲಿ, ಪುಣೆಯ ಶಿವಾಜಿನಗರದಲ್ಲಾಗಲಿ ಡಿಕ್ರಿ ಕೊಟ್ಟ ಕೋರ್ಟಿನಲ್ಲೇ ದರಖಾಸ್ತ್ ಹಾಕಬೇಕು. (ಊರಲ್ಲಿ ದರಖಾಸ್ತು ಅಂದರೆ ಸರಕಾರಿ ಜಮೀನು. ಇಲ್ಲಿ ಅಮಲ್ಜಾರಿ ಅರ್ಜಿ, ಅಂದರೆ ಡಿಕ್ರಿಯನ್ನು ಜಾರಿ ಮಾಡಿಸಿ ಎಂಬ ಅರ್ಜಿ. ಈ ಗೊಂದಲದಲ್ಲೇ ಒಂದು ಫೋನ್‌ಕಾಲ್ ಮುಗಿಯುತ್ತದೆ.) ಅಪ್ಪ ಹುಬ್ಬಳ್ಳಿ ಸೇರಿದ್ದರೆ ಡಿಕ್ರಿಯನ್ನು ಅಲ್ಲಿಗೆ ವರ್ಗ ಮಾಡಿಸಬಹುದು. ಸಂಬಳದವರಾದರೆ ಮೂರರಲ್ಲಿ ಎರಡು ಪಾಲಿನವರೆಗೆ ಜಪ್ತಿಗೆ ಸಿಗುತ್ತದೆ. ಆದರೆ ಅವರು ಕೆಲಸ ಮಾಡುವ ಕಚೇರಿ, ಪಹಣಿಯ ಸರ್ವೆ ನಂಬರು, ಈಗಿನ ವಿಳಾಸ ಹುಡುಕಿ ಕೊಡಬೇಕಾದವರು ನೀವು. ಜಪ್ತಿಗೆ ಬರುವ ಕೋರ್ಟಿನ ಬೇಲೀಫ್ ಪತ್ತೇದಾರನಲ್ಲ. “ಅಲ್ಲೆಲ್ಲೋ ಹೋಟೆಲ್ ಇಟ್ಟಿದ್ದಾರಂತೆ” ಅನ್ನುವುದು ವಿಳಾಸವಲ್ಲ.

“ಒಟ್ಟು ಎಷ್ಟು ಸಿಗುತ್ತೆ?” ಅಂತ ಎಲ್ಲರೂ ಕೇಳುತ್ತಾರೆ. “ನಾಳೆ ಅಪ್ಪನೇ ನನ್ನಿಂದ ಪೋಟಗಿ ಕೇಳಿದರೆ?” ಅಂತ ಒಬ್ಬರೂ ಕೇಳುವುದಿಲ್ಲ. ಕೇಳಬಹುದು. ಅದೇ 144ನೇ ಕಲಂ ತನ್ನನ್ನು ತಾನು ಪೋಷಿಸಿಕೊಳ್ಳಲಾಗದ ತಂದೆಗೂ ಇದೆ, ಮಗನ ಮೇಲೂ ಮಗಳ ಮೇಲೂ. 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಕೇಳಿದರೆ ಅದರ ಮೂಲ ಮಿತಿ ತಿಂಗಳಿಗೆ 10,000 ರೂಪಾಯಿ. ‘ಮಕ್ಕಳನ್ನು ಸಾಕಿದ ತಂದೆ’ ಎಂಬ ಷರತ್ತನ್ನು 144ನೇ ಕಲಂನಲ್ಲಿ ಯಾರೂ ಬರೆದಿಟ್ಟಿಲ್ಲ. ಸಾಕಲಿಲ್ಲ ಎಂಬುದನ್ನು ನೀವೇ ಕಾಗದದಲ್ಲಿ ತೋರಿಸಬೇಕು. ಹಾಗಾಗಿ ಕಾಲಮಿತಿ ಮೀರಿತೆಂದು ಆ ಹಳೆಯ ಕಂತುಗಳ ತಖ್ತೆಯನ್ನು ಹರಿದು ಹಾಕಬೇಡಿ.